ಹಾಡಿದವನಿಗೇ ಬೇಡವಾಗಿದ್ದ ಹಾಡು

1981ರ ನವೆಂಬರ್ ಕೊನೆಯಲ್ಲಿ ಇಂಗ್ಲೆಂಡಿನ ರೆಕಾರ್ಡ್ ಅಂಗಡಿಗಳಿಗೆ ಒಂದು ಹೊಸ ಸಿಂಗಲ್, ಅಂದರೆ ಒಂದೇ ಹಾಡಿನ ಹೆಸರಲ್ಲಿ ಮಾರುವ ರೆಕಾರ್ಡ್, ಬಂತು. ಏಳಿಂಚಿನ ತಟ್ಟೆ, ಜೊತೆಗೆ ದೊಡ್ಡದೊಂದು ಬಣ್ಣದ ಪೋಸ್ಟರ್ ಫ್ರೀ. ಪೋಸ್ಟರ್ ಕೊಡಲೇಬೇಕು ಅಂತ ಹಟ ಹಿಡಿದವರು ಆ ಹಾಡು ಹಾಡಿದ ಫಿಲ್ ಓಕಿ. ಹಾಡು ಅಷ್ಟೇನೂ ಚೆನ್ನಾಗಿಲ್ಲ, ಅದೊಂದನ್ನೇ ಮಾರಿದರೆ ಅಭಿಮಾನಿಗಳಿಗೆ ಮೋಸ ಮಾಡಿದಂತಾಗುತ್ತದೆ ಅಂತ ಅವರಿಗೆ ಅನಿಸಿತ್ತು. ದುಡ್ಡು ಕೊಟ್ಟವರ ಕೈಗೆ ಪೋಸ್ಟರಾದರೂ ಸಿಗಲಿ ಅನ್ನುವುದು ಅವರ ಲೆಕ್ಕ.

ಆ ಹಾಡು ‘ಡೋಂಟ್ ಯು ವಾಂಟ್ ಮಿ’. ತಂಡದ ಹೆಸರು ದಿ ಹ್ಯೂಮನ್ ಲೀಗ್; ಸಿಂಥಸೈಜರ್ (ಚಿಕ್ಕದಾಗಿ ಸಿಂಥ್), ಅಂದರೆ ವಿದ್ಯುತ್ತಿನಿಂದ ಬಗೆಬಗೆಯ ಸದ್ದು ಹುಟ್ಟಿಸುವ ಕೀಬೋರ್ಡ್, ಇಟ್ಟುಕೊಂಡು ಹಾಡು ಕಟ್ಟುತ್ತಿದ್ದವರು. ಆ ಕ್ರಿಸ್‌ಮಸ್‌ಗೆ ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಅದೇ ನಂಬರ್ 1. ಐದು ವಾರ ಯಾರಿಂದಲೂ ಅದನ್ನು ಕೆಳಗಿಳಿಸಲು ಆಗಲಿಲ್ಲ. ಆ ವರ್ಷ ಬ್ರಿಟನ್ನಿನಲ್ಲಿ ಅತಿ ಹೆಚ್ಚು ಮಾರಾಟವಾದ ಸಿಂಗಲ್ ಕೂಡ ಅದೇ. ಅಲ್ಲೊಂದರಲ್ಲೇ 15 ಲಕ್ಷಕ್ಕೂ ಜಾಸ್ತಿ ಪ್ರತಿಗಳು ಹೋದವು. 1982ರ ಜುಲೈನಲ್ಲಿ ಅಮೆರಿಕದಲ್ಲೂ ಮೂರು ವಾರ ನಂಬರ್ 1 ಆಯಿತು.

ನಲವತ್ತು ವರ್ಷ ಹಳೆಯ ಈ ಕಥೆ ಈಗ ಯಾಕೆ ಅಂದರೆ, ಅದನ್ನು ಈಗ ಬೇರೆ ಬೇರೆ ಕಡೆ ಉದಾಹರಣೆಯಾಗಿ ಎಳೆದು ತರುತ್ತಿದ್ದಾರೆ. ಸುನೋ, ಉಡಿಯೋ ಥರದ ಎಐ ಆ್ಯಪ್‌ಗಳಲ್ಲಿ ನಾಲ್ಕು ಸಾಲು ಟೈಪ್ ಮಾಡಿದರೆ ಸಾಕು, ವಾದ್ಯ, ದನಿ, ಸಾಹಿತ್ಯ ಎಲ್ಲ ಸೇರಿ ಒಂದು ಹಾಡೇ ಬಂದುಬಿಡುತ್ತದೆ. 2024ರ ಜೂನ್‌ನಲ್ಲಿ ದೊಡ್ಡ ರೆಕಾರ್ಡ್ ಕಂಪನಿಗಳು ಅಮೆರಿಕದಲ್ಲಿ ಈ ಎರಡರ ಮೇಲೂ ಕೇಸು ಹಾಕಿದವು. ಹಾಡುವವರು, ನುಡಿಸುವವರು ಹೆದರಿದ್ದಾರೆ. ಅವರಿಗೆ ಸಮಾಧಾನ ಹೇಳುವವರ ಬಾಯಲ್ಲಿ ಒಂದೇ ಮಾತು: ಸಿಂಥಸೈಜರ್ ಬಂದಾಗಲೂ ಹೀಗೇ ಹೆದರಿದ್ದರು, ಆಮೇಲೆ ಎಲ್ಲ ಸರಿಹೋಯಿತಲ್ವಾ?

ಹೆದರಿದ್ದು ನಿಜ. 1982ರಲ್ಲಿ ಬ್ರಿಟನ್ನಿನ ಮ್ಯುಸಿಷಿಯನ್ಸ್ ಯೂನಿಯನ್‌ನ ಸೆಂಟ್ರಲ್ ಲಂಡನ್ ಶಾಖೆ ಸಿಂಥ್ ಮತ್ತು ಡ್ರಮ್ ಮಷೀನುಗಳನ್ನು ನಿಷೇಧಿಸಬೇಕು ಅಂತ ಠರಾವು ಮಾಡಿತ್ತು. ಪಿಟೀಲು ನುಡಿಸಿ ಸಂಸಾರ ನಡೆಸುವವರ ಜಾಗಕ್ಕೆ ಒಂದು ಕೀಬೋರ್ಡ್ ಬಂದು ಕೂತರೆ ಅವರು ಏನು ಮಾಡಬೇಕು? ಆ ಭಯವನ್ನು ನಾನು ಹಗುರವಾಗಿ ನೋಡಲಾರೆ. ಆದರೆ ಅಂದಿಗೂ ಇಂದಿಗೂ ಇರುವ ಹೋಲಿಕೆ ಅರ್ಧ ಮಾತ್ರ ಸರಿ. ಉಳಿದ ಅರ್ಧ ತಿಳಿಯಬೇಕಾದರೆ ಹ್ಯೂಮನ್ ಲೀಗ್ ಗೆದ್ದದ್ದು ಹೇಗೆ, ಯಾರಿಂದ ಅನ್ನುವುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಊರು ಶೆಫೀಲ್ಡ್. ಉತ್ತರ ಇಂಗ್ಲೆಂಡಿನ ಉಕ್ಕಿನ ಊರು. 1970ರ ದಶಕದ ಕೊನೆಗೆ ಕಾರ್ಖಾನೆಗಳು ಒಂದೊಂದಾಗಿ ಸೊರಗುತ್ತಿದ್ದವು. 1980ರ ಆರಂಭದಲ್ಲಿ ದೇಶದಾದ್ಯಂತ ಉಕ್ಕಿನ ಕಾರ್ಮಿಕರು ಮೂರು ತಿಂಗಳು ಮುಷ್ಕರ ಮಾಡಿದರು. ಇಂಥ ಊರಲ್ಲಿ ಮಾರ್ಟಿನ್ ವೇರ್, ಇಯಾನ್ ಕ್ರೇಗ್ ಮಾರ್ಷ್ ಅನ್ನುವ ಇಬ್ಬರು ಕಂಪ್ಯೂಟರ್ ಆಪರೇಟರುಗಳು ಸಿಂಥ್ ಕೊಂಡರು. ಪಂಕ್ ಎಂಬ ಒರಟು ರಾಕ್ ಸಂಗೀತದ ಹುಡುಗರು ಮೂರು ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗಳ ಗುಂಪು) ಕಲಿತು ಗಿಟಾರ್ ಹಿಡಿಯುತ್ತಿದ್ದ ಕಾಲ ಅದು. ಇವರು ಗಿಟಾರ್ ಮುಟ್ಟುವುದೇ ಇಲ್ಲ ಅಂತ ತೀರ್ಮಾನಿಸಿದರು. ಹಾಡುವವರು ಬೇಕಾದಾಗ ವೇರ್ ತಮ್ಮ ಶಾಲೆಯ ಗೆಳೆಯ ಓಕಿಯ ಮನೆ ಬಾಗಿಲಿಗೆ ಚೀಟಿ ಅಂಟಿಸಿ ಬಂದರು. ಓಕಿ ಆಗ ಆಸ್ಪತ್ರೆಯಲ್ಲಿ ಪೋರ್ಟರ್. ನಮ್ಮ ಕಡೆ ವಾರ್ಡ್ ಬಾಯ್ ಅನ್ನುತ್ತೇವಲ್ಲ, ಆ ಥರದ ಕೆಲಸ. ಅವರು ಹಾಡಿದವರೇ ಅಲ್ಲ. ಆದರೆ ನೋಡಲು ಎದ್ದು ಕಾಣುತ್ತಿದ್ದರು. ಒಂದು ಪಕ್ಕ ಗಿಡ್ಡ, ಇನ್ನೊಂದು ಪಕ್ಕ ಗಲ್ಲದ ಕೆಳಗಿನವರೆಗೆ ಇಳಿಬಿಟ್ಟ ಅವರ ಕೂದಲು ಮುಂದೆ ತಂಡದ ಗುರುತೇ ಆಯಿತು.

ತಂಡದ ಹೆಸರನ್ನು ಒಂದು ಸೈನ್ಸ್ ಫಿಕ್ಷನ್ ಬೋರ್ಡ್ ಗೇಮಿನಿಂದ ಎತ್ತಿಕೊಂಡರು. 1978ರಲ್ಲಿ ‘ಬೀಯಿಂಗ್ ಬಾಯ್ಲ್ಡ್’ ಅನ್ನುವ ಮೊದಲ ಸಿಂಗಲ್ ಎಡಿನ್‌ಬರೋದ ಫಾಸ್ಟ್ ಪ್ರಾಡಕ್ಟ್ ಎಂಬ ಪುಟ್ಟ ಕಂಪನಿಯಿಂದ ಬಂತು. ಮೆಚ್ಚುವವರು ಮೆಚ್ಚಿದರು, ದೊಡ್ಡ ರಾಕ್ ಗಾಯಕ ಡೇವಿಡ್ ಬೋವಿ ಕೂಡ. ಜನ ಮಾತ್ರ ಕೊಳ್ಳಲಿಲ್ಲ. ವರ್ಜಿನ್ ಕಂಪನಿಯಿಂದ ಎರಡು ಆಲ್ಬಂ ಬಂದವು. ಈ ನಡುವೆ 1979ರಲ್ಲಿ ಗ್ಯಾರಿ ನ್ಯೂಮನ್ ಅನ್ನುವ ಗಾಯಕ ಇದೇ ಸಿಂಥಿನ ದಾರಿಯಲ್ಲಿ ಬಂದು ನಂಬರ್ 1 ಆಗಿಬಿಟ್ಟರು. ಮೊದಲೇ ಹೊರಟವರು ಹಿಂದೆ ಉಳಿದರು.

1980ರ ಅಕ್ಟೋಬರ್‌ನಲ್ಲಿ ತಂಡ ಒಡೆಯಿತು. ಯುರೋಪ್ ಟೂರಿಗೆ ಕೆಲವೇ ದಿನ ಬಾಕಿ. ವೇರ್ ಮತ್ತು ಮಾರ್ಷ್ ಹೊರಗೆ ಹೋದರು. ಸಂಗೀತ ಗೊತ್ತಿದ್ದವರು ಅವರೇ. ಉಳಿದವರು ಓಕಿ ಮತ್ತು ವೇದಿಕೆಯ ಮೇಲೆ ಸ್ಲೈಡ್ ತೋರಿಸುತ್ತಿದ್ದ ಏಡ್ರಿಯನ್ ರೈಟ್. ಹೆಸರು ಇವರ ಪಾಲಿಗೆ ಬಂತು, ಜೊತೆಗೆ ಸಾಲವೂ ಬಂತು. ಹೆಸರು ಬಿಟ್ಟುಕೊಟ್ಟದ್ದಕ್ಕೆ ಮುಂದಿನ ಆಲ್ಬಂನ ರಾಯಲ್ಟಿಯಲ್ಲಿ 1% ಹೋದವರಿಗೆ ಅಂತ ಒಪ್ಪಂದವಾಯಿತು. ಆ ಆಲ್ಬಂ ಎಷ್ಟು ಓಡುತ್ತದೆ ಅಂತ ಆಗ ಯಾರೂ ಊಹಿಸಿರಲಿಲ್ಲ. ಪತ್ರಿಕೆಗಳಂತೂ ಈ ತಂಡದ ಕಥೆ ಮುಗಿಯಿತು ಅಂತಲೇ ತಿಳಿದಿದ್ದವು. ಟೂರ್ ರದ್ದಾದರೆ ಕೋರ್ಟು, ಕೇಸು.

ಓಕಿ ಶೆಫೀಲ್ಡಿನ ಕ್ರೇಜಿ ಡೇಸಿ ಅನ್ನುವ ನೈಟ್‌ಕ್ಲಬ್ಬಿಗೆ ಹೋದರು. ಅಲ್ಲಿ ಇಬ್ಬರು ಗೆಳತಿಯರು ಕುಣಿಯುತ್ತಿದ್ದರು. 17 ವರ್ಷದ ಸೂಸನ್ ಆ್ಯನ್ ಸಲ್ಲಿ, 18ರ ಜೋಆ್ಯನ್ ಕ್ಯಾಥರಾಲ್. ಇಬ್ಬರೂ ಇನ್ನೂ ಶಾಲೆಯಲ್ಲಿ ಓದುತ್ತಿದ್ದರು. ಟೂರಿಗೆ ಬರ್ತೀರಾ ಅಂತ ಓಕಿ ಕೇಳಿದರು. ಅವರು ಆಗಲೇ ಡಾನ್‌ಕಾಸ್ಟರ್‌ನಲ್ಲಿ ನಡೆಯಬೇಕಿದ್ದ ಇದೇ ತಂಡದ ಕಾರ್ಯಕ್ರಮಕ್ಕೆ ಟಿಕೆಟ್ ಕೊಂಡಿದ್ದರು! ಓಕಿ ಇಬ್ಬರ ಮನೆಗೂ ಹೋಗಿ ಅಪ್ಪ ಅಮ್ಮಂದಿರನ್ನು ಒಪ್ಪಿಸಬೇಕಾಯಿತು. ನುಡಿಸುವುದಕ್ಕೆ ಇಯಾನ್ ಬರ್ಡನ್ ಅವರನ್ನು ಕರೆತಂದರು. ಟೂರಿನಲ್ಲಿ ಹಳೆಯ ಅಭಿಮಾನಿಗಳು ಸಿಟ್ಟಾದರು. ನಾಲ್ಕು ಗಂಡಸರ ಗಂಭೀರ ತಂಡ ನೋಡಲು ಬಂದರೆ ಎದುರಿಗೆ ಇಬ್ಬರು ಹುಡುಗಿಯರು ಕುಣಿಯುತ್ತಿದ್ದಾರೆ. ಕೂಗಾಟವೂ ಆಯಿತು.

ಸುಮ್ನೆ ಚೆಂದಕ್ಕೆ ನಿಲ್ಲಿಸಿದ್ದಾರೆ ಅಂತ ಆ ಇಬ್ಬರ ಬಗ್ಗೆ ಅಂದುಕೊಂಡವರೇ ಜಾಸ್ತಿ. ಈ ಮಾತು ನೆನಪಿಟ್ಟುಕೊಳ್ಳಿ.

ಮುಂದಿನ ವರ್ಷ ಮಾರ್ಟಿನ್ ರಷೆಂಟ್ ಬಂದರು. ನನ್ನ ಮಟ್ಟಿಗೆ ಈ ಕಥೆಯಲ್ಲಿ ಅತ್ಯಂತ ಕುತೂಹಲದ ಮನುಷ್ಯ ಅವರೇ. ಬಜ್‌ಕಾಕ್ಸ್, ಸ್ಟ್ರ್ಯಾಂಗ್ಲರ್ಸ್ ಥರದ ಗಿಟಾರ್ ತಂಡಗಳ ರೆಕಾರ್ಡ್ ಮಾಡಿ ಹೆಸರು ಗಳಿಸಿದ್ದ ನಿರ್ಮಾಪಕ. ಗಿಟಾರ್ ಬಿಟ್ಟು ಯಂತ್ರಗಳ ಹಿಂದೆ ಬಿದ್ದಿದ್ದರು. ಶೆಫೀಲ್ಡಿನಲ್ಲಿ ಹ್ಯೂಮನ್ ಲೀಗ್ ಇದ್ದ ಸ್ಟುಡಿಯೋದಲ್ಲೇ ಹೊರಗೆ ಹೋದ ವೇರ್ ಮತ್ತು ಮಾರ್ಷ್ ತಮ್ಮ ಹೊಸ ತಂಡ ಹೆವನ್ 17ರ ಆಲ್ಬಂ ಮಾಡುತ್ತಿದ್ದರು. ಎರಡು ತಂಡಕ್ಕೂ ಪಾಳಿ. ಒಬ್ಬರು ಹೋದ ಮೇಲೆ ಇನ್ನೊಬ್ಬರು. ಆ ಮುಜುಗರ ಸಾಕಾಗಿ ರಷೆಂಟ್ ಹ್ಯೂಮನ್ ಲೀಗ್‌ನವರನ್ನು ರೆಡಿಂಗ್ ಹತ್ತಿರದ ತಮ್ಮ ಜೆನೆಟಿಕ್ ಸ್ಟುಡಿಯೋಗೆ ಕರೆದುಕೊಂಡು ಹೋದರು.

ಅಲ್ಲಿದ್ದ ಎರಡು ಯಂತ್ರಗಳ ಬಗ್ಗೆ ಹೇಳಲೇಬೇಕು. ಒಂದು ಲಿನ್ ಎಲ್‌ಎಂ-1. ಅದಕ್ಕೆ ಮುಂಚಿನ ಡ್ರಮ್ ಮಷೀನುಗಳು ವಿದ್ಯುತ್ತಿನಿಂದ ಡ್ರಮ್ಮಿನಂಥದೇ ಒಂದು ಸದ್ದು ಹುಟ್ಟಿಸುತ್ತಿದ್ದವು. ಕೇಳಿದರೆ ಟಿನ್ ಡಬ್ಬ ಬಡಿದ ಹಾಗೆ. ರೋಜರ್ ಲಿನ್ ನಿಜವಾದ ಡ್ರಮ್ಮಿನ ಏಟುಗಳನ್ನೇ ರೆಕಾರ್ಡ್ ಮಾಡಿ ಚಿಪ್ಪಿನೊಳಗೆ ತುಂಬಿದರು. 1980ರಲ್ಲಿ ಇದರ ಬೆಲೆ ಸುಮಾರು 5,000 ಡಾಲರ್. ಒಟ್ಟು ತಯಾರಾಗಿದ್ದೇ 500ರ ಆಸುಪಾಸು.

ಇನ್ನೊಂದು ರೋಲ್ಯಾಂಡ್ ಎಂಸಿ-8. ಇದು ನುಡಿಸುವ ಯಂತ್ರವೇ ಅಲ್ಲ, ಲೆಕ್ಕದ ಯಂತ್ರ. ಕ್ಯಾಲ್ಕುಲೇಟರಿನಲ್ಲಿರುವಂತೆ ಅಂಕಿಗಳ ಗುಂಡಿಗಳು. ಯಾವ ಸ್ವರ, ಎಷ್ಟು ಹೊತ್ತು, ಮುಂದಿನದು ಯಾವಾಗ ಅಂತ ಒಂದೊಂದಕ್ಕೂ ಅಂಕಿ ಒತ್ತುತ್ತಾ ಹೋಗಬೇಕು. ಒಂದು ಚಿಕ್ಕ ತುಣುಕಿಗೆ ಗಂಟೆಗಟ್ಟಲೆ. ಪೂರ್ತಿ ಕೂಡಿಸಿದ ಮೇಲೆ ಅದು ಸಿಂಥಿಗೆ ಹೇಳುತ್ತದೆ, ಸಿಂಥ್ ನುಡಿಯುತ್ತದೆ, ಒಂದು ಕೂದಲೆಳೆಯೂ ತಾಳ ತಪ್ಪದೆ.

ಬೆರಳಿನ ಅಭ್ಯಾಸ ಇಲ್ಲದವರೂ ಇಲ್ಲಿ ಸಂಗೀತ ಮಾಡಬಹುದಿತ್ತು. ಆದರೆ ತಾಳ್ಮೆ ಮತ್ತು ಕಿವಿ ಎರಡೂ ಬೇಕಿತ್ತು. ಯಂತ್ರ ಯಾವುದನ್ನೂ ತಾನಾಗಿ ಆರಿಸುತ್ತಿರಲಿಲ್ಲ. ಪ್ರತಿಯೊಂದು ಅಂಕಿಯನ್ನೂ ಯಾರೋ ಒಬ್ಬರು ಬೇಕು ಅಂತಲೇ ಒತ್ತಿದ್ದರು. ಇಂದಿನ ಆ್ಯಪಿಗೂ ಅಂದಿನ ಸಿಂಥಿಗೂ ನನಗೆ ಕಾಣುವ ದೊಡ್ಡ ವ್ಯತ್ಯಾಸ ಇದು. ರಷೆಂಟ್ ಅವರ ಕೈಗೆ ಎಷ್ಟು ಕೆಲಸ ಇತ್ತು ಅನ್ನುವುದಕ್ಕೆ ಮುಂದಿನ ವರ್ಷ ಅವರು ಇಲ್ಲಿ ರೆಕಾರ್ಡ್ ಮಾಡಿದ ಹಾಡುಗಳಿಂದಲೇ ಮಾಡಿದ ‘ಲವ್ ಆ್ಯಂಡ್ ಡ್ಯಾನ್ಸಿಂಗ್’ ಎಂಬ ರೀಮಿಕ್ಸ್ ಆಲ್ಬಂ ಕೇಳಬೇಕು. ಸಾವಿರಕ್ಕೂ ಜಾಸ್ತಿ ಕಡೆ ಟೇಪನ್ನು ಬ್ಲೇಡಿನಲ್ಲಿ ಕತ್ತರಿಸಿ ಅಂಟಿಸಿದ್ದಾರೆ. ರೀಮಿಕ್ಸ್ ಆಲ್ಬಂ ಅನ್ನುವುದು ಆಗಿನ್ನೂ ಹೊಸದು.

ಗಿಟಾರ್ ತಂಡವೊಂದರಿಂದ ಬಂದು ಹೊಸದಾಗಿ ಸೇರಿದ ಜೋ ಕ್ಯಾಲಿಸ್ ಇಲ್ಲಿ ಗಿಟಾರ್ ಬಿಟ್ಟು ಸಿಂಥ್ ಕಲಿತರು. ‘ದಿ ಸೌಂಡ್ ಆಫ್ ದಿ ಕ್ರೌಡ್’ 12ನೇ ಸ್ಥಾನಕ್ಕೆ ಬಂತು, ‘ಲವ್ ಆ್ಯಕ್ಷನ್’ 3ಕ್ಕೆ ಏರಿತು, ‘ಓಪನ್ ಯುವರ್ ಹಾರ್ಟ್’ 6ಕ್ಕೆ. ಅಕ್ಟೋಬರ್‌ನಲ್ಲಿ ಬಂದ ‘ಡೇರ್’ ಆಲ್ಬಂ ನಂಬರ್ 1. ಒಂದು ವರ್ಷದ ಹಿಂದೆ ಮುಗಿಯಿತು ಅಂದುಕೊಂಡಿದ್ದ ತಂಡ!

ಆಲ್ಬಂನ ಕಟ್ಟಕಡೆಯ ಹಾಡು ‘ಡೋಂಟ್ ಯು ವಾಂಟ್ ಮಿ’. ಓಕಿ, ಕ್ಯಾಲಿಸ್, ರೈಟ್ ಸೇರಿ ಬರೆದದ್ದು. ರಷೆಂಟ್ ಮತ್ತು ಕ್ಯಾಲಿಸ್ ಅದನ್ನು ಮಿಕ್ಸ್ ಮಾಡಿದ ರೀತಿ ಓಕಿಗೆ ಹಿಡಿಸಲಿಲ್ಲ. ತೀರಾ ಪಾಪ್ ಆಯಿತು ಅಂತ ಜಗಳವೂ ಆಯಿತು. ಅದಕ್ಕೇ ಆಲ್ಬಂನ ಕೊನೆಗೆ ತಳ್ಳಿದರು. ವರ್ಜಿನ್‌ನ ಸೈಮನ್ ಡ್ರೇಪರ್ ಇದನ್ನು ನಾಲ್ಕನೇ ಸಿಂಗಲ್ ಮಾಡೋಣ ಅಂದಾಗ ಓಕಿ ಒಪ್ಪಲಿಲ್ಲ. ಈಗಾಗಲೇ ಮೂರು ಬಂದಿವೆ, ಜನರಿಗೆ ಬೇಸರವಾಗುತ್ತದೆ ಅಂತ. ಡ್ರೇಪರ್ ಬಿಡಲಿಲ್ಲ. ಪೋಸ್ಟರ್ ಬಂದದ್ದು ಆ ಜಗಳದ ಕೊನೆಗೆ.

ಇಷ್ಟಕ್ಕೂ ಆ ಹಾಡಲ್ಲಿ ಏನಿದೆ? ಒಬ್ಬ ಗಂಡಸು ಹೇಳುತ್ತಾನೆ: ನೀನು ಬಾರಿನಲ್ಲಿ ವೇಟ್ರೆಸ್ ಆಗಿದ್ದೆ, ನಿನ್ನನ್ನು ದೊಡ್ಡವಳನ್ನಾಗಿ ಮಾಡಿದ್ದು ನಾನು, ಮತ್ತೆ ಕೆಳಗಿಳಿಸುವುದೂ ನನಗೆ ಗೊತ್ತು. ಪ್ರೀತಿ ಅಂದುಕೊಂಡು ಕೇಳಿದರೆ ಪ್ರೀತಿಯ ಹಾಗೆ ಕೇಳುತ್ತದೆ. ಆದರೆ ಅದರಲ್ಲಿ ಇರುವುದು ಬೆದರಿಕೆ. ಇದು ಪ್ರೇಮಗೀತೆಯಲ್ಲ, ಗಂಡು ಹೆಣ್ಣಿನ ನಡುವಿನ ಅಧಿಕಾರದ ಹಾಡು ಅಂತ ಓಕಿ ಆಮೇಲೆ ಹೇಳಿದ್ದುಂಟು. ಹುಡುಗಿಯರ ಪತ್ರಿಕೆಯೊಂದರಲ್ಲಿ ಬಂದ ಫೋಟೋ ಕಥೆ ಓದಿದಾಗ ಅವರಿಗೆ ಈ ವಸ್ತು ಹೊಳೆದಿತ್ತು. ಬರೆಯುವಾಗ ಅದು ಗಂಡಿನ ದನಿಯೊಂದರದೇ ಹಾಡು. ಆಮೇಲೆ ಎರಡನೇ ಚರಣವನ್ನು ಹೆಣ್ಣಿಗೆ ಕೊಡೋಣ ಅನ್ನಿಸಿತು. ಇಬ್ಬರಲ್ಲಿ ಸೂಸನ್ ಸಲ್ಲಿಗೆ ಅದು ಸಿಕ್ಕಿದ್ದು ಬರೀ ಅದೃಷ್ಟ ಅಂತ ಅವರೇ ಹೇಳಿಕೊಂಡಿದ್ದಾರೆ. ಆಗ ಅವರಿಗೆ 18 ವರ್ಷ.

ಹೆಡ್‌ಫೋನ್ ಹಾಕಿಕೊಂಡು ಆ ಜಾಗಕ್ಕೆ ಬಂದಾಗ ಗಮನಿಸಿ. ಅಲ್ಲಿಯವರೆಗೆ ಎಲ್ಲವೂ ಗಟ್ಟಿ, ಅಳತೆಗೆ ಕತ್ತರಿಸಿದ ಹಾಗೆ. ಕೆಳಗೆ ಸಿಂಥಿನ ಆ ಒರಟು ಪಲುಕು, ಲಿನ್ ಮಷೀನಿನ ಏಟು, ಅದರ ಮೇಲೆ ಓಕಿಯ ದಪ್ಪ ದನಿ. ಆಮೇಲೆ ಅವಳು ಬಾಯಿ ಬಿಡುತ್ತಾಳೆ. ಆ ದನಿಗೆ ಪಾಠ ಆಗಿಲ್ಲ. ಬಚ್ಚಲಲ್ಲಿ ನೀರು ಹೊಯ್ದುಕೊಳ್ಳುತ್ತಾ ಹಾಡುವವರ ದನಿ. ಗಮಕವಿಲ್ಲ, ಕಂಪನವಿಲ್ಲ, ದೊಡ್ಡ ಉಸಿರಿಲ್ಲ. ಹೌದು, ಅಲ್ಲಿ ಕೆಲಸಕ್ಕಿದ್ದೆ, ನಿಜ. ನೀನು ಇರದಿದ್ದರೂ ನಾನು ಬೇರೆ ಎಲ್ಲೋ ಬೆಳೆಯುತ್ತಿದ್ದೆ ಅಂತ ಅವಳು ಹೇಳುತ್ತಾಳೆ. ಅಳುವುದಿಲ್ಲ, ಕೂಗಾಡುವುದಿಲ್ಲ. ಅಂಗಡಿಯಲ್ಲಿ ಚಿಲ್ಲರೆ ಕೇಳುವಷ್ಟು ನೆಟ್ಟಗೆ ಹೇಳುತ್ತಾಳೆ. ಅವಳ ಮಾತನ್ನು ನಾವು ನಂಬುತ್ತೇವೆ.

ಪಳಗಿದ ಗಾಯಕಿಯೊಬ್ಬರು ಇದನ್ನು ಹಾಡಿದ್ದರೆ ಹಾಡು ಇನ್ನೂ ಚೆಂದ ಆಗುತ್ತಿತ್ತೇನೋ. ಆದರೆ ಆ ವೇಟ್ರೆಸ್ ಕಾಣೆಯಾಗುತ್ತಿದ್ದಳು. ತಾಳ ಎಲ್ಲೂ ಅಲುಗದ ಆ ಯಂತ್ರದ ಮೇಲೆ ಆ ಸ್ವಲ್ಪ ಅಂಕುಡೊಂಕು ದನಿ ಕೂತಿರುವುದೇ ಈ ಹಾಡಿನ ಜೀವ ಅಂತ ನಾನು ಬಲವಾಗಿ ನಂಬಿದ್ದೇನೆ. ಇಂದಿನ ಸ್ಟುಡಿಯೋದಲ್ಲಿ ಆಗಿದ್ದರೆ ಆ ಡೊಂಕನ್ನು ಸಾಫ್ಟ್‌ವೇರಿನಲ್ಲಿ ಮೊದಲೇ ತಿದ್ದಿಬಿಡುತ್ತಿದ್ದರು. ಎಐ ಆ್ಯಪಿನ ಹಾಡುಗಳನ್ನು ಕೇಳಿದಾಗ ನನಗೆ ಕಾಡುವುದೂ ಇದೇ. ದನಿ ಚೆನ್ನಾಗಿರುತ್ತದೆ. ಆ ದನಿ ಯಾವ ಬಾರಿನಲ್ಲೂ ಕೆಲಸ ಮಾಡಿರುವುದಿಲ್ಲ.

ಇನ್ನೊಂದು ವಿಷಯವೂ ಇತ್ತು. ಹಾಡಿನ ಕಥೆ ತಂಡದ ಕಥೆಯನ್ನೇ ಹೋಲುತ್ತಿತ್ತು. ಕ್ಲಬ್ಬಿನಲ್ಲಿ ಕುಣಿಯುತ್ತಿದ್ದ ಹುಡುಗಿಯರನ್ನು ಕರೆತಂದು ಸ್ಟಾರ್ ಮಾಡಿದ ಗಂಡಸು. ಹಾಡು ಕೇಳಿದವರಿಗೆ ಇದು ಅವರದೇ ಜಗಳ ಅನ್ನಿಸಿದರೆ ಆಶ್ಚರ್ಯವಿಲ್ಲ. ಸ್ಟೀವ್ ಬ್ಯಾರನ್ ನಿರ್ದೇಶಿಸಿದ ವಿಡಿಯೋ ಈ ಗೊಂದಲವನ್ನು ಇನ್ನಷ್ಟು ಹೆಚ್ಚಿಸಿತು. ಒದ್ದೆ, ಚಳಿಯ ರಾತ್ರಿಯಲ್ಲಿ ಒಂದು ಸಿನಿಮಾ ಶೂಟಿಂಗ್ ನಡೆಯುತ್ತಿದೆ; ಯಾವುದು ಸಿನಿಮಾ, ಯಾವುದು ನಿಜ ಅಂತ ತಿಳಿಯುವುದಿಲ್ಲ. ಅದನ್ನು ವಿಡಿಯೋ ಟೇಪಿನ ಬದಲು ಸಿನಿಮಾದವರು ಬಳಸುವ 35 ಎಂಎಂ ಫಿಲ್ಮಿನಲ್ಲೇ ತೆಗೆದರು. ಹಾಡಿನ ವಿಡಿಯೋಗಳ ಚಾನೆಲ್ ಎಂಟಿವಿ ಅಮೆರಿಕದಲ್ಲಿ ಶುರುವಾಗಿದ್ದು 1981ರ ಆಗಸ್ಟ್ 1ಕ್ಕೆ. ದಿನವಿಡೀ ತೋರಿಸಲು ಅವರ ಹತ್ತಿರ ಸಾಕಷ್ಟು ವಿಡಿಯೋ ಇರಲಿಲ್ಲ. ಬ್ರಿಟಿಷ್ ತಂಡಗಳ ಹತ್ತಿರ ಇದ್ದವು. ಅಮೆರಿಕದ ರೇಡಿಯೋ ಬಾಗಿಲು ತೆರೆಯದಿದ್ದ ಹಾಡುಗಳು ಟಿವಿಯ ಕಿಟಕಿಯಿಂದ ಒಳಗೆ ಬಂದವು. ಇದು ತಂಡದ ಅದೃಷ್ಟದ ಭಾಗ, ಒಪ್ಪಲೇಬೇಕು. ಒಂದು ವರ್ಷ ಮುಂಚೆ ಬಂದಿದ್ದರೆ ಅಮೆರಿಕದಲ್ಲಿ ಇಷ್ಟು ಸುಲಭಕ್ಕೆ ಗೆಲ್ಲುತ್ತಿತ್ತು ಅಂತ ನನಗೆ ಅನಿಸುವುದಿಲ್ಲ.

ಬರೀ ಹೊಸ ಯಂತ್ರದಿಂದ ಗೆದ್ದರು ಅನ್ನುವವರಿಗೆ ಮುಂಬೈಯ ಒಂದು ಕಥೆ ಹೇಳಬೇಕು. 1982ರಲ್ಲೇ, ಹಿಂದಿ ಸಿನಿಮಾ ವಾದ್ಯಗೋಷ್ಠಿಗಳಲ್ಲಿ ನುಡಿಸುತ್ತಿದ್ದ ಚರಣ್‌ಜಿತ್ ಸಿಂಗ್ ಅದೇ ರೋಲ್ಯಾಂಡ್ ಕಂಪನಿಯ ಹೊಸ ಯಂತ್ರಗಳನ್ನು ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂರಿಸಿ ಒಂದು ಆಲ್ಬಂ ಮಾಡಿದರು. ಆಗ ಯಾರೂ ತಿರುಗಿ ನೋಡಲಿಲ್ಲ. 2010ರಲ್ಲಿ ಅದು ಮತ್ತೆ ಬಿಡುಗಡೆಯಾದಾಗ, ಷಿಕಾಗೋದಲ್ಲಿ ಆಮೇಲೆ ಹುಟ್ಟಿದ ಆ್ಯಸಿಡ್ ಹೌಸ್ ಎಂಬ ಯಂತ್ರದ ಕುಣಿತ ಸಂಗೀತದ ಹಾಗೆಯೇ ಇದೆಯಲ್ಲ ಅಂತ ಜಗತ್ತು ಬೆರಗಾಯಿತು. ಯಂತ್ರದಲ್ಲಿ ಅವರು ಯಾರಿಗೂ ಹಿಂದೆ ಇರಲಿಲ್ಲ. ಅವರ ಬೆನ್ನಿಗೆ ಡ್ರೇಪರ್ ಥರ ಹಟ ಹಿಡಿಯುವವರು ಇರಲಿಲ್ಲ, ಎಂಟಿವಿ ಇರಲಿಲ್ಲ, ಹಾಡುವ ದನಿಯೂ ಇರಲಿಲ್ಲ. 28 ವರ್ಷ ಕಾಯಬೇಕಾಯಿತು. ಅವರು 2015ರಲ್ಲಿ ತೀರಿಕೊಂಡರು. ಬದುಕಿರುವಾಗಲೇ ಆ ಮೆಚ್ಚುಗೆ ನೋಡಿದರಲ್ಲ ಅನ್ನುವುದೊಂದೇ ನನಗೆ ಸಮಾಧಾನ.

ಹ್ಯೂಮನ್ ಲೀಗ್‌ನ ಮುಂದಿನ ವರ್ಷಗಳು ಏರಿಳಿತದವು. ರಷೆಂಟ್ ಜೊತೆ ಕೆಟ್ಟಿತು, ಅವರು ಹೋದರು. ‘ಡೇರ್’ ನಂತರದ ಆಲ್ಬಂ ಬರಲು 1984 ಆಯಿತು, ಅದೂ ಸೊರಗಿತು. 1986ರಲ್ಲಿ ಅಮೆರಿಕದ ಜಿಮ್ಮಿ ಜ್ಯಾಮ್ ಮತ್ತು ಟೆರ‍್ರಿ ಲೂಯಿಸ್ ಬರೆದುಕೊಟ್ಟ ‘ಹ್ಯೂಮನ್’ ಅಮೆರಿಕದಲ್ಲಿ ಮತ್ತೆ ನಂಬರ್ 1. ಆಮೇಲೆ ವರ್ಜಿನ್ ಕೈಬಿಟ್ಟಿತು. 1995ರಲ್ಲಿ ಬೇರೆ ಕಂಪನಿಯಿಂದ ‘ಆಕ್ಟೋಪಸ್’ ಬಂದು ತಂಡವನ್ನು ಮೇಲೆತ್ತಿತು. ಬರ್ಡನ್, ಕ್ಯಾಲಿಸ್, ರೈಟ್ ಈ ನಡುವೆ ಒಬ್ಬೊಬ್ಬರಾಗಿ ಬಿಟ್ಟುಹೋಗಿದ್ದರು.

ಉಳಿದವರು ಮೂರೇ ಜನ: ಓಕಿ, ಸಲ್ಲಿ, ಕ್ಯಾಥರಾಲ್. ಯಂತ್ರ ಬಲ್ಲವರು ಹೋದರು, ನುಡಿಸಬಲ್ಲವರು ಹೋದರು. ಚೆಂದಕ್ಕೆ ನಿಲ್ಲಿಸಿದ್ದಾರೆ ಅನ್ನಿಸಿಕೊಂಡ ಇಬ್ಬರು ಉಳಿದರು. ಕಾರ್ಯಕ್ರಮಕ್ಕೆ ಬರುವ ಜನ ಯಾವ ಸಿಂಥ್ ಇದೆ ಅಂತ ನೋಡಲು ಬರುವುದಿಲ್ಲ. ಅಲ್ಲಿನ ಯಂತ್ರಗಳೆಲ್ಲ ಬದಲಾಗಿವೆ, ಅದನ್ನು ನುಡಿಸುವವರೂ ಬದಲಾಗಿದ್ದಾರೆ. ಈ ಮೂರು ದನಿ ಬದಲಾದರೆ ಮಾತ್ರ ಅದು ಹ್ಯೂಮನ್ ಲೀಗ್ ಆಗಿರುವುದಿಲ್ಲ. ಸಿಂಥ್ ಬಂದಾಗಲೂ ಎಲ್ಲ ಸರಿಹೋಯಿತು ಅನ್ನುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಸಿಂಥ್ ಪಿಟೀಲಿನವರ ಕೆಲಸ ಕಿತ್ತುಕೊಂಡಿತು, ಹೌದು. ಆದರೆ ಅದೇ ಸಿಂಥ್ ಒಬ್ಬ ವಾರ್ಡ್ ಬಾಯಿಗೆ, ಇಬ್ಬರು ಶಾಲಾ ಹುಡುಗಿಯರಿಗೆ ಜಾಗ ಮಾಡಿಕೊಟ್ಟಿತು. ಈಗ ಬಂದಿರುವ ಯಂತ್ರ ಹಾಡನ್ನೂ ತಾನೇ ಹಾಡುತ್ತದೆ. ಇದು ಯಾರಿಗೆ ಜಾಗ ಮಾಡಿಕೊಡುತ್ತದೆ? ನನಗೆ ಇನ್ನೂ ಯಾರೂ ಕಾಣುತ್ತಿಲ್ಲ.

2014ರ ಮಾರ್ಚ್‌ನಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್ ಫುಟ್‌ಬಾಲ್ ಕ್ಲಬ್ ಲೀಗ್ ಕಪ್ ಗೆದ್ದಿತು. ಅಭಿಮಾನಿಗಳು ತಮ್ಮ ಆಟಗಾರ ಪೀಟರ್ ಪಾಲೆಟ್ ಹೆಸರನ್ನು ‘ಡೋಂಟ್ ಯು ವಾಂಟ್ ಮಿ’ ಪಲ್ಲವಿಗೆ ಸೇರಿಸಿಕೊಂಡು ಹಾಡುತ್ತಿದ್ದರು. ಖುಷಿಯಲ್ಲಿ ಹಳೆಯ ಹಾಡನ್ನೇ ಮತ್ತೆ ಕೊಳ್ಳೋಣ ಅಂತ ಎಲ್ಲರೂ ಸೇರಿ ಡೌನ್‌ಲೋಡ್ ಮಾಡಿದರು. 32 ವರ್ಷಗಳ ನಂತರ ಹಾಡು ಬ್ರಿಟನ್ನಿನ ಪಟ್ಟಿಗೆ ವಾಪಸ್ ಬಂತು, 19ನೇ ಸ್ಥಾನಕ್ಕೆ. ಸ್ಟೇಡಿಯಂನಲ್ಲಿ ಸಿಂಥ್ ಇರಲಿಲ್ಲ, ಡ್ರಮ್ ಮಷೀನೂ ಇರಲಿಲ್ಲ. ಸಾವಿರಾರು ಜನ, ಯಾರಿಗೂ ಪಾಠ ಆಗಿಲ್ಲ, ಗಂಟಲು ಹರಿಯುವಂತೆ ಹಾಡುತ್ತಿದ್ದರು.

ಓಕಿ ಈಗ ಪ್ರತಿ ಕಾರ್ಯಕ್ರಮದಲ್ಲೂ ಆ ಹಾಡು ಹಾಡುತ್ತಾರೆ. ಎರಡನೇ ಚರಣ ಬಂದಾಗ ಸೂಸನ್ ಸಲ್ಲಿ ಮುಂದೆ ಬರುತ್ತಾರೆ.